ಎಂಟು ಬೆರಳಿನ ಕಾರ್ಡು

ಹನ್ನೆರಡು ವರ್ಷ ಹೊದಿಕೆಯೊಳಗೆ ತೆಪ್ಪಗೆ ಕೂತಿದ್ದ ಕಂಪ್ಯೂಟರಿನ ಮಾತು ಆ ಮನೆಯಲ್ಲಿ ಎದ್ದದ್ದು ಒಂದು ಮಂಚದ ದೆಸೆಯಿಂದ.

ಮೇಷ್ಟ್ರ ಹೆಂಡತಿಯ ಅಕ್ಕ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಮುಗಿದಿತ್ತು, ಇನ್ನು ಆರು ತಿಂಗಳು ತಂಗಿಯ ಮನೆಯಲ್ಲಿ ಆರೈಕೆ ಎಂದು ತೀರ್ಮಾನವಾಗಿತ್ತು. ಆರೈಕೆಗೆ ಮಂಚ ಬೇಕು, ಮಂಚಕ್ಕೆ ಕೋಣೆ ಬೇಕು. ಮನೆಯಲ್ಲಿ ಹೆಚ್ಚಿಗೆ ಇದ್ದದ್ದು ಒಂದೇ ಕೋಣೆ, ಅದರಲ್ಲಿ ಕಂಪ್ಯೂಟರ್ ವಾಸವಾಗಿತ್ತು. ಮನುಷ್ಯರಿಗೆ ಜಾಗವಿಲ್ಲದ ಮನೆಯಲ್ಲಿ ಯಂತ್ರವೊಂದು ಕಿಟಕಿಯ ಪಕ್ಕ ಕೂತು ಗಾಳಿ ತೆಗೆದುಕೊಳ್ಳುವುದು ಯಾವ ನ್ಯಾಯ ಎಂಬುದು ಹೆಂಡತಿಯ ಪ್ರಶ್ನೆ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಟೈಪಿಂಗ್ ಮೇಷ್ಟ್ರು. ಮೂವತ್ತು ವರ್ಷ ಅಂಚೆ ಕಚೇರಿಯ ಎದುರಿನ ಮಹಡಿಯಲ್ಲಿ ಅವರ ಟೈಪಿಂಗ್ ಶಾಲೆ ನಡೆದಿತ್ತು. ಹದಿನಾರು ಟೈಪ್‌ರೈಟರುಗಳು ಒಟ್ಟಿಗೆ ಬಡಿಯತೊಡಗಿದರೆ ತಗಡಿನ ಮೇಲೆ ಆಲಿಕಲ್ಲು ಬಿದ್ದಂತಾಗಿ, ಕೆಳಗಿನ ಚಪ್ಪಲಿ ಅಂಗಡಿಯವನು ಗಿರಾಕಿಗಳ ಜೊತೆ ಕೈಸನ್ನೆಯಲ್ಲೇ ವ್ಯಾಪಾರ ಮಾಡುತ್ತಿದ್ದ. ಕಾಲ ಬದಲಾಗುತ್ತಿದೆ ಎಂದು ಯಾರೋ ಹೇಳಿದ್ದು ಕಿವಿಗೆ ಬಿದ್ದು ಮೇಷ್ಟ್ರು ಒಂದು ಕಂಪ್ಯೂಟರ್ ತಂದರು. ಒಂದೇ ಒಂದು. ಬೋರ್ಡಿನಲ್ಲಿ 'ಟೈಪಿಂಗ್ ಶಾಲೆ' ಎಂಬುದರ ಮುಂದೆ ಉಳಿದಿದ್ದ ಗೇಣುದ್ದ ಜಾಗದಲ್ಲಿ ಪೇಂಟರ್ 'ಮತ್ತು ಕಂಪ್ಯೂಟರ್' ಎಂದು ಇರುವೆ ಸಾಲಿನಂತೆ ಬರೆದುಕೊಟ್ಟ. ಕಾಲ ಮಾತ್ರ ಮೇಷ್ಟ್ರು ಎಣಿಸಿದ್ದಕ್ಕಿಂತ ಜೋರಾಗಿ ಬದಲಾಯಿತು. ಟೈಪ್‌ರೈಟರುಗಳು ಗುಜರಿಗೆ ಹೋದವು, ಕಂಪ್ಯೂಟರ್ ಮನೆಗೆ ಬಂತು, ಮೇಷ್ಟ್ರು ಮುಂಬಾಗಿಲ ಕುರ್ಚಿಗೆ ಬಂದರು. ಅಂದಿನಿಂದ ಅವರ ಉದ್ಯೋಗ ಪತ್ರಿಕೆ ಓದುವುದು. ಟೆಂಡರ್ ಪ್ರಕಟಣೆಗಳನ್ನೂ ಬಿಡುತ್ತಿರಲಿಲ್ಲ. ಯಾವ ಸೇತುವೆಗೆ ಎಷ್ಟು ಮೂಟೆ ಸಿಮೆಂಟ್ ಬೇಕೆಂದು ಅವರಿಗೆ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

"ಮುಂದಿನ ಸೋಮವಾರ ಅಕ್ಕ ಬರ್ತಾಳೆ," ಎಂದು ಹೆಂಡತಿ ಭಾನುವಾರದ ಕಾಫಿಯ ಹೊತ್ತಿಗೆ ಹೇಳಿದರು. "ಅಷ್ಟರೊಳಗೆ ನಿಮ್ಮ ಕಂಪ್ಯೂಟರ್ ಈ ಮನೆಗೆ ಉಪಯೋಗ ಆಗೋ ಕೆಲಸ ಒಂದು ಮಾಡಿ ತೋರಿಸಲಿ. ಒಂದೇ ಒಂದು ಸಾಕು. ತೋರಿಸಿದ್ರೆ ಇರಲಿ, ಏನೋ ಒಂದು ಮಾಡೋಣ. ಇಲ್ಲದಿದ್ರೆ ಭಾನುವಾರ ಗುಜರಿಯವನು ಬರ್ತಾನೆ."

ಮಾತು ಅಷ್ಟಕ್ಕೇ ನಿಂತಿದ್ದರೆ ಮೇಷ್ಟ್ರು ಒಂದು ನಿಟ್ಟುಸಿರು ಬಿಟ್ಟು ಒಪ್ಪಿಕೊಳ್ಳುತ್ತಿದ್ದರೇನೋ. ಆದರೆ ಅಂದು ಹೆಂಡತಿಯ ತಮ್ಮನೂ ಅಲ್ಲೇ ಇದ್ದ. ಅವನದು ಮೊಬೈಲ್ ಅಂಗಡಿ. ಅಕ್ಕನ ಮನೆಗೆ ಬಂದಾಗಲೆಲ್ಲ ತಿಂಡಿ ತಿನ್ನುವುದರ ಜೊತೆಗೆ ಭಾವನಿಗೆ ಒಂದೆರಡು ಮಾತು ಚುಚ್ಚಿ ಹೋಗುವುದು ಅವನ ಪದ್ಧತಿ.

"ಭಾವ, ನನ್ನ ಈ ಕೈಗಡಿಯಾರಕ್ಕಿರೋ ಬುದ್ಧೀಲಿ ಸಾವಿರಕ್ಕೊಂದು ಪಾಲು ಅದಕ್ಕಿಲ್ಲ. ಕೊಟ್ಟುಬಿಡಿ," ಎಂದ.

ಸರಿಯಾಗಿ ಅದೇ ಹೊತ್ತಿಗೆ ಮೂರನೆಯ ಮಹಡಿಯಿಂದ 'ನೀರಿಲ್ಲ' ಎಂಬ ಕೂಗು ಇಳಿದು ಬಂತು. ಆ ಕಟ್ಟಡದಲ್ಲಿ ನಾಲ್ಕು ಮನೆ, ತಾರಸಿಯ ಮೇಲೆ ಒಂದೇ ತೊಟ್ಟಿ, ಅದಕ್ಕೆ ನೀರೇರಿಸುವ ಮೋಟಾರಿನ ಸ್ವಿಚ್ಚು ಇದ್ದದ್ದು ಮೇಷ್ಟ್ರ ಅಡುಗೆಮನೆಯ ಹಿಂಬಾಗಿಲ ಪಕ್ಕ. ಮೇಲಿನಿಂದ 'ನೀರಿಲ್ಲ' ಎಂದರೆ ಹೆಂಡತಿ ಹೋಗಿ ಒತ್ತಬೇಕು, 'ಸಾಕು' ಎಂದರೆ ಹೋಗಿ ಆರಿಸಬೇಕು. ಹತ್ತೊಂಬತ್ತು ವರ್ಷದಿಂದ ಇದೇ. ಕೈಗಂಟಿದ ಹಿಟ್ಟು ಒರೆಸಿಕೊಳ್ಳುತ್ತ ಅವರು ಎದ್ದು ಹೋದರು.

"ಬುದ್ಧಿ ಇಟ್ಕೊಂಡು ಏನು ಮಾಡ್ತೀಯ?" ಎಂದರು ಮೇಷ್ಟ್ರು. "ನಿನ್ನ ಗಡಿಯಾರ ಎದ್ದುಹೋಗಿ ಮೋಟಾರ್ ಹಾಕುತ್ತಾ? ನನ್ನ ಕಂಪ್ಯೂಟರ್ ಹಾಕುತ್ತೆ. ತೊಟ್ಟಿ ತುಂಬಿದರೆ ಗಂಟೆ ಹೊಡೆದು ಹೇಳುತ್ತೆ ಕೂಡ."

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಆಡಿದ ಮೇಲೆ ಮೇಷ್ಟ್ರಿಗೆ ಹೊಳೆದದ್ದೇನೆಂದರೆ, ತಮ್ಮ ಕಂಪ್ಯೂಟರಿಗೆ ಅಕ್ಷರ ಮೂಡಿಸುವುದು ಬಿಟ್ಟು ಬೇರೇನೂ ಬರುವುದಿಲ್ಲ. ಮೋಟಾರು ಹಾಗಿರಲಿ, ಅದು ಈ ಜನ್ಮದಲ್ಲಿ ಒಂದು ದೀಪವನ್ನೂ ಹೊತ್ತಿಸಿರಲಿಲ್ಲ.

ಸೋಮವಾರ ಬೆಳಿಗ್ಗೆಯೇ ಅವರು ರೇಡಿಯೋದವನ ಅಂಗಡಿಗೆ ಓಡಿದರು. ಈ ರೇಡಿಯೋದವನು ಮೇಷ್ಟ್ರಿಗಿಂತ ನಾಲ್ಕು ವರ್ಷ ಹಿರಿಯ. ಊರಿನಲ್ಲಿ ರೇಡಿಯೋ ಕೇಳುವವರು ತೀರಿಹೋದರೂ ರೇಡಿಯೋ ರಿಪೇರಿ ಮಾಡುವ ಇವನು ಮಾತ್ರ ಅಂಗಡಿ ಮುಚ್ಚಿರಲಿಲ್ಲ. ಮೇಷ್ಟ್ರು ಅವನನ್ನು ಮನೆಗೆ ಕರೆತಂದರು, ಇಬ್ಬರೂ ಸೇರಿ ಹೊದಿಕೆ ತೆಗೆದರು. ಕಿಟಕಿ ಪರದೆ ಹರಿದಾಗ ಅದರದೇ ಬಟ್ಟೆಯಲ್ಲಿ ಹೆಂಡತಿ ಹೊಲಿದುಕೊಟ್ಟಿದ್ದ ಹೊದಿಕೆ ಅದು. ನೀಲಿ ಹೂಗಳು ಬೆಳ್ಳಗಾಗಿದ್ದವು. ಪೆಟ್ಟಿಗೆಯ ನಾಲ್ಕು ತಿರುಪು ಬಿಚ್ಚಿದಾಗ ಒಳಗಿನಿಂದ ಬಂದ ಹಳೆ ಪ್ಲಾಸ್ಟಿಕ್ಕಿನ, ಧೂಳಿನ ವಾಸನೆಗೆ ಮೇಷ್ಟ್ರು ಸ್ವಲ್ಪ ಹೊತ್ತು ಬಗ್ಗಿಕೊಂಡೇ ಇದ್ದರು. ಸಂಜೆ ಆರೂವರೆಯ ಬ್ಯಾಚಿನ ವಾಸನೆ ಅದು.

ಒಳಗೆ ಉದ್ದುದ್ದ ಸೀಳುಗಳಂತೆ ಕೆಲವು ಖಾಲಿ ಖಾನೆಗಳು. ಒಂದರಲ್ಲಿ ಮಾತ್ರ ಅಂಗೈಯಗಲದ ಹಸಿರು ಕಾರ್ಡು ಸಿಕ್ಕಿಸಿತ್ತು. ಪ್ರಿಂಟರಿನ ಕಾರ್ಡು. ಪ್ರಿಂಟರ್ ಯಾವಾಗಲೋ ಕೆಟ್ಟಿತ್ತು, ಅದರ ಕೇಬಲ್ಲನ್ನು ಇಲಿ ತಿಂದಿತ್ತು, ಕಾರ್ಡು ಮಾತ್ರ ಬದುಕಿತ್ತು. ರೇಡಿಯೋದವನು ಅದನ್ನು ಎಳೆದು, ಕನ್ನಡಕ ಹಣೆಗೇರಿಸಿ, ಹಿಂದುಮುಂದು ನೋಡಿ ಸಂತೋಷಪಟ್ಟ. ಅವನು ವಿವರಿಸಿದ್ದು ಇಷ್ಟು: ಈ ಕಾರ್ಡಿನಿಂದ ಪ್ರಿಂಟರಿಗೆ ಅಕ್ಷರ ಹೊತ್ತುಕೊಂಡು ಹೋಗಲು ಎಂಟು ಕಾಲುಗಳಿವೆ. ಅಕ್ಷರದ ಬದಲು ಒಂದು ಕಾಲಿನಿಂದ ಮೋಟಾರಿಗೆ, ಇನ್ನೊಂದರಿಂದ ಗಂಟೆಗೆ ಹುಕುಂ ಕಳಿಸಬಹುದು. ಪ್ರಿಂಟರಿನಿಂದ ವಾಪಸು ಬರುವ ಎರಡು ತಂತಿಗಳೂ ಇವೆ. ಒಂದು 'ಕಾಗದ ಮುಗಿಯಿತು' ಎನ್ನುತ್ತದೆ, ಇನ್ನೊಂದು 'ಹೊಟ್ಟೆ ತುಂಬಿದೆ, ಸ್ವಲ್ಪ ತಡಿ' ಎನ್ನುತ್ತದೆ. ಅವನ್ನು ತೊಟ್ಟಿಯೊಳಗೆ ತೇಲುವ ಚೆಂಡಿಗೆ ಕಟ್ಟಿದರಾಯಿತು. ನೀರು ಮುಗಿದರೆ ಕಂಪ್ಯೂಟರ್ ಕಾಗದ ಮುಗಿಯಿತೆಂದು ತಿಳಿಯುತ್ತದೆ. ಅದರ ತಿಳುವಳಿಕೆ ಹೇಗಾದರೂ ಇರಲಿ, ನಮಗೆ ಕೆಲಸ ಆಗಬೇಕು.

ವಾಪಸು ಬರುವ ಎರಡು ತಂತಿಗಳನ್ನು ರೇಡಿಯೋದವನೇ ಬೆಸೆದ. ಮೋಟಾರಿಗೂ ಗಂಟೆಗೂ ಬೇಕಾದ, ಹುಕುಂ ಬಂದೊಡನೆ ತಾವೇ ಸ್ವಿಚ್ಚು ಒತ್ತುವ ರಿಲೇಗಳನ್ನು ಹಳೆಯ ರೇಡಿಯೋ ಪೆಟ್ಟಿಗೆಯೊಂದರಲ್ಲಿ ಕೂರಿಸಿಕೊಟ್ಟ. ಎಂಟು ಕಾಲುಗಳ ಪೈಕಿ ಯಾವುದು ಎಲ್ಲಿದೆ ಎಂದು ಚೀಟಿಯಲ್ಲಿ ಗುರುತು ಹಾಕಿಕೊಡಲು ಬಂದಾಗ ಮಾತ್ರ ಮೇಷ್ಟ್ರು ತಡೆದರು. ಎಂಟು ಎಂಬ ಸಂಖ್ಯೆಯ ಬಗ್ಗೆ ಪ್ರಪಂಚದಲ್ಲಿ ಯಾರಿಗಾದರೂ ಅಧಿಕಾರವಿದ್ದರೆ ಅದು ಟೈಪಿಂಗ್ ಮೇಷ್ಟ್ರಿಗೆ. ಎರಡೂ ಹೆಬ್ಬೆರಳು ಬಿಟ್ಟರೆ ಉಳಿಯುವುದು ಎಂಟು ಬೆರಳು. ಮೂವತ್ತು ವರ್ಷ ಅವರು ಆ ಎಂಟರಿಂದಲೇ ಅನ್ನ ಉಂಡಿದ್ದರು. ಕಾರ್ಡನ್ನು ಮೇಜಿನ ಮೇಲಿಟ್ಟು ಎರಡೂ ಕೈ ಅದರ ಮೇಲಿರಿಸಿ, ಎಡಗೈ ಕಿರುಬೆರಳಿನ ಕೆಳಗೆ ಬಂದ ಕಾಲು ಮೋಟಾರು, ಬಲಗೈ ಕಿರುಬೆರಳಿನದು ಗಂಟೆ ಎಂದು ಕಣ್ಣು ಮುಚ್ಚಿ ಮನಸ್ಸಿನಲ್ಲಿ ಬರೆದುಕೊಂಡರು. ಚೀಟಿ ಬೇಡ ಎಂದರು. ಆಮೇಲೆ ಬೆಸುಗೆ ಹಾಕಲು ಕಾರ್ಡನ್ನು ಮಗುಚಿದರು, ಏಕೆಂದರೆ ಬೆಸುಗೆ ಹಾಕುವುದು ಅಡಿಯಲ್ಲಿ.

ಇಡೀ ಕಥೆ ಮಗುಚಿಕೊಂಡದ್ದೂ ಅಲ್ಲೇ. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಮೇಷ್ಟ್ರಿಗೆ ಅಂದು ಬೇಕಾಗಿದ್ದದ್ದು ಕನ್ನಡಿಯೇ.

ಬುಧವಾರ ಬೆಳಿಗ್ಗೆ ಎಲ್ಲ ಸಿದ್ಧವಾಯಿತು. ಶಾಲೆಯಲ್ಲಿ ಬ್ಯಾಚು ಮುಗಿದದ್ದನ್ನು ಸಾರುತ್ತಿದ್ದ ಹಿತ್ತಾಳೆಯ ವಿದ್ಯುತ್ ಗಂಟೆಯನ್ನು ಮೆಟ್ಟಿಲ ಗೋಡೆಗೆ ಹೊಡೆದಿದ್ದರು. ಮೇಷ್ಟ್ರು ತಾವೇ ಬರೆದ ಹದಿನಾಲ್ಕು ಸಾಲಿನ ಪ್ರೋಗ್ರಾಮನ್ನು ಓಡಿಸಿ, ಕೈಕಟ್ಟಿ, ಪರದೆಯ ಮುಂದೆ ಕೂತರು. ತೊಟ್ಟಿ ತಳ ಕಂಡೊಡನೆ ಮೋಟಾರು ಹೊರಡಬೇಕು, ತುಂಬುವವರೆಗೆ ಓಡಬೇಕು, ತುಂಬಿದ ಮೇಲೆ ಒಂದು ನಿಮಿಷ ಗಂಟೆ ಬಾರಿಸಬೇಕು. ಇದು ಸಂಕಲ್ಪ.

ಒಂಬತ್ತೂಕಾಲಿಗೆ ಪರದೆಯಲ್ಲಿ 'ಮೋಟಾರ್ ಚಾಲೂ' ಎಂಬ ಅಕ್ಷರ ಮೂಡಿತು. ಮೂಡಿದ್ದೇ ತಡ, ಮೆಟ್ಟಿಲ ಗಂಟೆ ಕಟ್ಟಡ ಬಿರಿಯುವಂತೆ ಬಡಿದುಕೊಳ್ಳತೊಡಗಿತು. ಮೇಷ್ಟ್ರಿಗೆ ಗಾಬರಿಯಾಯಿತು. ಆದರೆ ಒಂದು ಕ್ಷಣದ ಮೇಲೆ ಮೋಟಾರಿನ ಗುಂಯ್‌ಗುಡುವಿಕೆಯೂ ಕೇಳಿಸಿತು. ಮೋಟಾರು ಓಡುತ್ತಿದೆ ಎಂದಮೇಲೆ ಕೆಲಸ ಆಯಿತು. ಗಂಟೆಯದು ಬರೀ ಉತ್ಸಾಹ ಎಂದು ಸಮಾಧಾನ ಮಾಡಿಕೊಂಡರು. ಇಪ್ಪತ್ತು ನಿಮಿಷ ಬಿಡದೆ ಬಡಿದು ತೊಟ್ಟಿ ತುಂಬಿದ ಮೇಲೆ ಅದು ನಿಂತಿತು. ಆಮೇಲೂ ಮೋಟಾರು ಒಂದು ನಿಮಿಷ ಹೆಚ್ಚಿಗೆ ಓಡಿ ತಾರಸಿಯ ಕೊಳವೆಯಿಂದ ಅಂಗಳಕ್ಕೆ ಒಂದಿಷ್ಟು ನೀರು ಸುರಿಯಿತು. ಹೊಸ ಕೆಲಸದಲ್ಲಿ ಕೈ ಸ್ವಲ್ಪ ಧಾರಾಳವಾಗಿರುತ್ತದೆ ಎಂದು ಅದಕ್ಕೂ ಅರ್ಥ ಹಚ್ಚಿದರು.

ಇಷ್ಟರಲ್ಲಿ ಬಾಗಿಲಲ್ಲಿ ಎರಡನೆಯ ಮಹಡಿಯ ಟೈಲರಮ್ಮ ನಿಂತಿದ್ದರು. ಮೊಣಕೈವರೆಗೆ ಸೋಪಿನ ನೊರೆ, ಮುಖ ಬಿಳಿಚಿಕೊಂಡಿತ್ತು. ಏಳು ಪರದೆ, ನಾಲ್ಕು ಹೊದಿಕೆ ನೆನೆಸಿ ನಲ್ಲಿ ಪೂರ್ತಿ ತಿರುಗಿಸಿಟ್ಟು ಒಗೆಯುತ್ತಿದ್ದಾಗ ಗಂಟೆ ಹೊಡೆದಿತ್ತು.

"ಮೇಷ್ಟ್ರೇ, ಆ ಗಂಟೆ ನನಗಾ?" ಎಂದು ಮೆಲ್ಲಗೆ ಕೇಳಿದರು.

ಗಂಟೆ ಯಾಕೆ ಹೊಡೆಯಿತೆಂದು ತಮಗೂ ತಿಳಿಯದು ಎಂದು ಹೇಳಿಬಿಟ್ಟಿದ್ದರೆ ಆ ಕಟ್ಟಡದಲ್ಲಿ ನಾಲ್ಕು ದಿನ ಶಾಂತಿ ಇರುತ್ತಿತ್ತು. ಆದರೆ ಮೂವತ್ತು ವರ್ಷ ಮೇಷ್ಟ್ರಾಗಿದ್ದವರ ಬಾಯಲ್ಲಿ 'ಗೊತ್ತಿಲ್ಲ' ಎಂಬುದು ಅಷ್ಟು ಸುಲಭಕ್ಕೆ ಹೊರಡುವುದಿಲ್ಲ.

"ಯಂತ್ರಕ್ಕೆ ಗೊತ್ತಾಗುತ್ತಮ್ಮ," ಎಂದರು ಗಂಭೀರವಾಗಿ.

ಟೈಲರಮ್ಮ ಏನೂ ಮಾತಾಡದೆ ಮೇಲೆ ಹೋಗಿ ನಲ್ಲಿ ಬಿಗಿದರು. ಆಮೇಲೆ ಮೂರನೆಯ ಮಹಡಿಗೆ ಹೋಗಿ ಮಾತಾಡಿದರು.

ಸಂಜೆಗೆ ಸುದ್ದಿಗೆ ಕೈಕಾಲು ಬಂದಿತ್ತು. ಯಾರು ಯಾವ ನಲ್ಲಿ ಎಷ್ಟು ಹೊತ್ತು ಬಿಟ್ಟಿದ್ದಾರೆಂಬುದು ಮೇಷ್ಟ್ರ ಪರದೆಯಲ್ಲಿ ಕಾಣುತ್ತದಂತೆ, ಅಳತೆ ಮೀರಿದರೆ ಗಂಟೆ ಹೊಡೆಯುತ್ತದಂತೆ. ನೀರು ಸುರಿಯುವ ಹೊತ್ತಿನಲ್ಲೇ ತೊಟ್ಟಿ ಬರಿದಾಗುವುದರಿಂದ ಗಂಟೆ ಪ್ರತಿಸಲವೂ ಯಾರಾದರೊಬ್ಬರು ನಲ್ಲಿ ಬಿಟ್ಟುಕೊಂಡಿದ್ದಾಗಲೇ ಹೊಡೆಯುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ನಾಲ್ಕು ಮನೆಯವರೂ ಒಟ್ಟಿಗೆ ಹೆಗಲು ಮುಟ್ಟಿಕೊಂಡರು. ಮೊದಲನೆಯ ಮಹಡಿಯ ನಿವೃತ್ತ ರೈಲ್ವೆ ಗಾರ್ಡು ಗುರುವಾರ ಬಂದು, ತಾವು ಗಡ್ಡ ಬೋಳಿಸುವಾಗ ನಲ್ಲಿ ಬಿಟ್ಟಿರುವುದು ನಿಜವೆಂದೂ, ಅದು ನೀರಿನ ಸದ್ದು ಕೇಳುತ್ತಿದ್ದರೆ ಕೈ ನಡುಗುವುದಿಲ್ಲವಾದ್ದರಿಂದ ಎಂದೂ, ಇನ್ನು ಮೇಲೆ ಸದ್ದಿಲ್ಲದೆಯೇ ಬೋಳಿಸುವುದಾಗಿಯೂ ಒಪ್ಪಿಕೊಂಡು ಹೋದರು. ಅವರ ಗಲ್ಲದಲ್ಲಿ ಆಗಲೇ ಎರಡು ಪಟ್ಟಿ ಇದ್ದವು. ಮೂರನೆಯ ಮಹಡಿಯಲ್ಲಿ ಕಟ್ಟಡದ ಕಾರ್ಯದರ್ಶಿ ಮತ್ತು ಅವರ ಹೆಂಡತಿ. ಅವರಿಬ್ಬರೂ ಬೇರೆಬೇರೆಯಾಗಿ ಬಂದು, ನೀರು ಪೋಲು ಮಾಡುವುದು ತಾವಲ್ಲ ಮತ್ತೊಬ್ಬರು ಎಂದು ದೂರಿದರು. ಭಾವಮೈದ ಶುಕ್ರವಾರ ಮೇಷ್ಟ್ರ ಮನೆಯಲ್ಲೇ ಸ್ನಾನಕ್ಕೆ ಕೂತಿದ್ದಾಗ ಗಂಟೆ ಹೊಡೆದು, ತಲೆಯಲ್ಲಿ ಶಾಂಪೂ ಹಾಗೇ ಇಟ್ಟುಕೊಂಡು ಟವೆಲ್ ಸುತ್ತಿ ಹೊರಗೆ ಬಂದ. "ಮುಗೀತು ಭಾವ, ಮುಗೀತು," ಎಂದ. ಅವನ ಬುದ್ಧಿವಂತ ಗಡಿಯಾರ ಸೋಪಿನ ಡಬ್ಬಿಯಲ್ಲಿ ಉಳಿದಿತ್ತು.

ಮೇಷ್ಟ್ರು ಇದನ್ನೆಲ್ಲ ಬೇಡವೆಂದು ಹೇಳಲಿಲ್ಲ. ಹನ್ನೆರಡು ವರ್ಷದ ಮೇಲೆ ಜನ ಅವರ ಬಾಗಿಲಿಗೆ ಬಂದು ನಿಂತು ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಅವರು ಶಾಲೆಯ ಕಾಲದ ಕೋಟು ಹಾಕಿಕೊಂಡು ಪರದೆಯ ಮುಂದೆ ಕೂರತೊಡಗಿದರು. ಪತ್ರಿಕೆ ಮಡಿಕೆ ಬಿಚ್ಚದೆ ಬಿದ್ದಿರುತ್ತಿತ್ತು. ಹಿಂದೆ ಮೂರು ಸಲ ಓಡುತ್ತಿದ್ದ ಮೋಟಾರು ಈಗ ದಿನಕ್ಕೊಂದೇ ಸಲ. ಹೆಂಡತಿ ಏನೂ ಅನ್ನಲಿಲ್ಲ. ಅವರ ಮೌನ ತೀರ್ಪಿಗೆ ಮುಂಚಿನ ನ್ಯಾಯಾಧೀಶರದೋ, ಕೆಲಸದ ನಡುವೆ ಪುರುಸೊತ್ತಿಲ್ಲದವರದೋ ಎಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಭಾನುವಾರಕ್ಕೆ ಎರಡು ದಿನ ಉಳಿದಿತ್ತು.

ಶನಿವಾರ ಹನ್ನೊಂದು ಗಂಟೆಗೆ ನೀರು ಸರಬರಾಜು ಕಚೇರಿಯ ಇನ್‌ಸ್ಪೆಕ್ಟರಮ್ಮ ಫೈಲು ಹಿಡಿದು ಬಂದರು. ಯಾರೋ ಸಹಿ ಇಲ್ಲದ ಅರ್ಜಿ ಹಾಕಿದ್ದರು: ಕೆಳಗಿನ ಮನೆಯ ವ್ಯಕ್ತಿಯು ನಾವೆಲ್ಲ ಸ್ನಾನ ಮಾಡುವುದನ್ನು ಕಂಪ್ಯೂಟರಿನಲ್ಲಿ ಗಮನಿಸುತ್ತಿದ್ದು, ನಮಗೆ ಮೈ ತೊಳೆಯಲು ಸಂಕೋಚವಾಗಿರುತ್ತದೆ. ಇನ್‌ಸ್ಪೆಕ್ಟರಮ್ಮ ಅರ್ಜಿಯನ್ನು ಓದಿ ಹೇಳುವಾಗ ಕಾರ್ಯದರ್ಶಿ ಚಾವಣಿ ನೋಡುತ್ತಿದ್ದರು. ನಾಲ್ಕೂ ಮನೆಯವರು ಬಾಗಿಲಲ್ಲಿ ಸೇರಿದ್ದರು. ಮೋಟಾರಿಗೆ ಅನುಮತಿಯಿಲ್ಲದೆ ಏನನ್ನೂ ಜೋಡಿಸುವಂತಿಲ್ಲ, ಯಂತ್ರವನ್ನು ಇವತ್ತೇ ಬಿಚ್ಚಬೇಕಾದೀತು ಎಂದು ಇನ್‌ಸ್ಪೆಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿ ಕೋಣೆಯೊಳಗೆ ಒಂದು ಹೆಜ್ಜೆ ಇಟ್ಟರು.

ಇಟ್ಟವರು ಹಿಂದೆ ಸರಿದು, ಹೊಸಿಲಾಚೆ ಚಪ್ಪಲಿ ಕಳಚಿ, ಮತ್ತೆ ಒಳಗೆ ಬಂದರು. ಕೈಯಲ್ಲಿದ್ದ ಫೈಲನ್ನು ಎಲ್ಲಿಡುವುದೆಂದು ತಿಳಿಯದೆ ಎದೆಗೆ ಒತ್ತಿಕೊಂಡರು.

"ಸಾರ್, ಇದು ನಮ್ಮದೇ ಅಲ್ವಾ?"

ಅದು 'ನಮ್ಮದು' ಆಗಿದ್ದ ಕಾಲ ಒಂದಿತ್ತು. ಧೂಳು ಸೋಕಬಾರದೆಂದು ಚಪ್ಪಲಿ ಮೆಟ್ಟಿಲಲ್ಲೇ ಬಿಡಬೇಕಿತ್ತು. ಒಂದು ಕಂಪ್ಯೂಟರಿಗೆ ನಾಲ್ಕು ಸ್ಟೂಲು. ಒಬ್ಬರು ಒತ್ತಬೇಕು, ಒಬ್ಬರು ಪುಸ್ತಕ ನೋಡಿ ಓದಿ ಹೇಳಬೇಕು, ಒಬ್ಬರು ಗಡಿಯಾರ ನೋಡಬೇಕು, ನಾಲ್ಕನೆಯವರು ಉಸಿರು ಬಿಗಿಹಿಡಿದು ಕಾಯಬೇಕು. ಹದಿನೈದು ನಿಮಿಷಕ್ಕೆ ಒಂದು ಸ್ಟೂಲು ಮುಂದಕ್ಕೆ. ಫ್ಲಾಪಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಮೇಷ್ಟ್ರು ಬೀಗ ಹಾಕುತ್ತಿದ್ದರು. ಒಂದು ಗಂಟೆ ಕೂಡಿಸಿದ ಲೆಕ್ಕವೆಲ್ಲ ಕರೆಂಟು ಹೋಗಿ ಮಾಯವಾದರೆ ನಾಲ್ವರೂ ಒಟ್ಟಿಗೆ ಅಯ್ಯೋ ಎನ್ನುತ್ತಿದ್ದರು. ಪಕ್ಕದ ಕೋಣೆಯ ಹದಿನಾರು ಟೈಪ್‌ರೈಟರುಗಳು ಮಾತ್ರ ಕತ್ತಲೆಯಲ್ಲೂ ನಿಲ್ಲದೆ ಬಡಿಯುತ್ತಿದ್ದವು. ಕೈ ನೋಡಬೇಡಿ ಎಂದು ಮೇಷ್ಟ್ರು ಕಲಿಸಿದ್ದು ಸಾರ್ಥಕವಾಗುತ್ತಿದ್ದದ್ದು ಆಗಲೇ.

ಮೇಷ್ಟ್ರಿಗೆ ಇನ್‌ಸ್ಪೆಕ್ಟರಮ್ಮನ ಗುರುತು ಹತ್ತಲಿಲ್ಲ. ಸಾವಿರಾರು ಮುಖ ಬಂದುಹೋಗಿದ್ದವು. ನಾಲ್ಕೂವರೆ ಬ್ಯಾಚು, ಮೂರನೇ ಸ್ಟೂಲು ಎಂದು ಆಕೆ ಹೇಳಿದರೂ ನೆನಪಾಗಲಿಲ್ಲ.

"ಎಲ್ಲಿ, ಕೈ ಇಡು ನೋಡೋಣ," ಎಂದರು.

ಆಕೆ ಕೂತು ಕೀಲಿಗಳ ಮೇಲೆ ಎಂಟು ಬೆರಳಿಟ್ಟರು. ಏಳು ಬೆರಳು ತಮ್ಮ ಜಾಗದಲ್ಲಿ ಕೂತವು. ಎಡಗೈ ಕಿರುಬೆರಳು ಮಾತ್ರ ಕೀಲಿಯಿಂದ ಒಂದು ಗೋಧಿಕಾಳಿನಷ್ಟು ಮೇಲೆ ನಿಂತಿತು.

"ಅದೇ ಸೋಮಾರಿ ಬೆರಳು," ಎಂದರು ಮೇಷ್ಟ್ರು. "ಎರಡು ಸಲ ಪರೀಕ್ಷೆಗೆ ಕೂತೆ. ಎರಡನೇ ಸಲ ನಿನ್ನಪ್ಪ ಹೊರಗೆ ಸೈಕಲ್ ಹಿಡ್ಕೊಂಡು ನಿಂತಿದ್ರು. ಪಾಸಾದೆ ಅಂದಾಗ ಸೈಕಲ್ ಬಿಟ್ಟು ಅತ್ತುಬಿಟ್ರು."

"ಆ ಸರ್ಟಿಫಿಕೇಟಿಂದಲೇ ಸಾರ್ ಈ ಕೆಲಸ ಸಿಕ್ಕಿದ್ದು," ಎಂದರು ಇನ್‌ಸ್ಪೆಕ್ಟರಮ್ಮ.

ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ತಮ್ಮ ಚಪ್ಪಲಿ ಕಳಚಿದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

ಆದರೂ ಕಚೇರಿಯ ಕೆಲಸ ಕಚೇರಿಯ ಕೆಲಸ. ಆಕೆ ಹದಿನಾಲ್ಕು ಸಾಲು ಓದಿ, ಪ್ರೋಗ್ರಾಮು ಸರಿಯಾಗಿದೆಯಲ್ಲ, ಹಾಗಾದರೆ ತುಂಬುವ ಮೊದಲೇ ಗಂಟೆ ಯಾಕೆ ಹೊಡೆಯುತ್ತದೆ ಎಂದು ಕೇಳಿದರು. ಮೇಷ್ಟ್ರು ಉತ್ಸಾಹದ ಮಾತು ತೆಗೆಯುವ ಮೊದಲೇ ಕಾರ್ಡು ಹೊರಗೆ ಬಂದಾಗಿತ್ತು. ಆಕೆ ಅದನ್ನು ಮಗುಚಿ ನೋಡಿದರು, ನೆಟ್ಟಗೆ ಹಿಡಿದು ನೋಡಿದರು. ಆಮೇಲೆ ತಮ್ಮ ಎರಡೂ ಕೈಯನ್ನು ಅಂಗೈ ಕೆಳಗೆ ಮಾಡಿ ಮೇಜಿನ ಮೇಲಿಟ್ಟರು, ಹಾಗೇ ಒಟ್ಟಾಗಿ ಮಗುಚಲು ಹೋದರು. ತೋಳು ತೊಡಕಾಗಿ ಎಡಗೈ ಬಲಕ್ಕೆ ಬಂದು ಬಿತ್ತು.

ಮೇಷ್ಟ್ರು ಅದನ್ನು ನೋಡಿದರು. ನೋಡುತ್ತ ನೋಡುತ್ತ ಅವರ ಕಿವಿ ಕೆಂಪಾಯಿತು. ಎಡ ಕಿರುಬೆರಳೆಂದು ಅವರು ಬೆಸೆದದ್ದು ಬಲ ಕಿರುಬೆರಳು. ಮೋಟಾರಿಗೆ ಹೋಗಬೇಕಾದ ಹುಕುಂ ಗಂಟೆಗೆ ಹೋಗುತ್ತಿತ್ತು, ಗಂಟೆಯದು ಮೋಟಾರಿಗೆ.

ತಂತಿ ಬಿಚ್ಚಿ ಅದಲುಬದಲು ಬೆಸೆಯಲು ಹತ್ತು ನಿಮಿಷ ಸಾಕಾಯಿತು. ಪರೀಕ್ಷೆಗಾಗಿ ನಾಲ್ಕೂ ಮನೆಯ ನಲ್ಲಿಗಳನ್ನು ಸರ್ಕಾರಿ ಅಪ್ಪಣೆಯ ಮೇರೆಗೆ ಬಿಡಲಾಯಿತು. ರೈಲ್ವೆ ಗಾರ್ಡು ಅಷ್ಟರಲ್ಲೇ ಒಂದು ಕೆನ್ನೆ ಬೋಳಿಸಿಕೊಂಡು ಬಂದರು. ತೊಟ್ಟಿ ತಳ ಕಂಡಿತು. ಪರದೆಯಲ್ಲಿ 'ಮೋಟಾರ್ ಚಾಲೂ' ಎಂದು ಮೂಡಿತು, ಗಂಟೆ ತೆಪ್ಪಗಿತ್ತು, ಯಾರೂ ಮುಟ್ಟದೆ ಮೋಟಾರು ತನ್ನಷ್ಟಕ್ಕೆ ಹೊರಟಿತು. ಇನ್‌ಸ್ಪೆಕ್ಟರಮ್ಮ ವರದಿಯಲ್ಲಿ ಬರೆದದ್ದು ಎರಡೇ ವಾಕ್ಯ: ಸದರಿ ಯಂತ್ರವು ಯಾರನ್ನೂ ನೋಡುವುದಿಲ್ಲ. ಅದಕ್ಕೆ ನೀರಿನ ವಿಷಯವೇ ತಿಳಿದಿರುವುದಿಲ್ಲ, ಕಾಗದದ ವಿಷಯವೆಂದು ಭಾವಿಸಿರುತ್ತದೆ. ಅನುಮತಿಗೆ ಒಂದು ಅರ್ಜಿ ಕೊಟ್ಟರೆ ಸಾಕು ಎಂದು ಹೇಳಿ, ಹೋಗುವ ಮೊದಲು ಪರದೆಯ ಮೇಲೆ ತಮ್ಮ ಹೆಸರನ್ನು ಒಂದು ಸಲ ಒತ್ತಿ, ನೋಡಿ, ಅಳಿಸಿ ಹೋದರು.

ಜನ ಕರಗಿ ಮುಕ್ಕಾಲು ಗಂಟೆ ಕಳೆದ ಮೇಲೆ ಭಾವಮೈದನ ಬುದ್ಧಿ ಓಡಿತು.

"ಅಲ್ಲ ಭಾವ, ತಂತಿ ಅದಲುಬದಲಾಗಿತ್ತು ಅಂದಮೇಲೆ ಬುಧವಾರದಿಂದ ಮೋಟಾರ್ ಹಾಕಿದ್ದು ಯಾರು?"

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಅವರು ಒಳಗೆ ಹೋದರು.

ಒಲೆಯ ಮೇಲೆ ಏನೂ ಇರಲಿಲ್ಲ. ಮೇಷ್ಟ್ರು ಹಿಂದೆಯೇ ಬಂದು ಅಡುಗೆಮನೆಯ ಬಾಗಿಲು ಎಳೆದುಕೊಂಡರು.

"ನೀನಾ?"

"ಗಂಟೆ ಹೊಡೀತು, ಒತ್ತಿದೆ. ನಿಂತಿತು, ಆರಿಸಿದೆ. ಹೊಸದೇನು? ಮೊದಲು ಮೇಲಿನವರು ಕೂಗ್ತಿದ್ರು, ಈಗ ಗಂಟೆ ಕೂಗ್ತು."

"ಅಂದ್ರೆ ಮೊದಲನೇ ದಿನದಿಂದಲೇ ಗೊತ್ತಿತ್ತು."

"ಮೋಟಾರ್ ಶಬ್ದ ಬರದೇ ಹೋದಾಗ ಗೊತ್ತಾಗದೆ ಇರುತ್ತಾ? ಹತ್ತೊಂಬತ್ತು ವರ್ಷ ಒತ್ತಿದೀನಿ."

ಮೇಷ್ಟ್ರು ಡಬ್ಬಿಗಳ ಸಾಲು ನೋಡುತ್ತ ನಿಂತರು. ಇಡೀ ವಾರದ ಕೋಟು ಒಮ್ಮೆಲೇ ಭಾರವಾಯಿತು. ಶಾಲೆಯಲ್ಲಿ ಒಬ್ಬರ ಪರೀಕ್ಷೆಗೆ ಪಕ್ಕದವರು ಕೀಲಿ ಒತ್ತಿದರೆ ಅವರು ಇಬ್ಬರನ್ನೂ ಫೇಲು ಮಾಡುತ್ತಿದ್ದರು. ನಿಯಮ ನಿಯಮವೇ. ಇವತ್ತು ಸರಿಹೋದದ್ದೂ ತಮ್ಮಿಂದಲ್ಲ. ಕಂಪ್ಯೂಟರ್ ಸೋತಿತು, ನಾಳೆ ಗುಜರಿಯವನಿಗೆ ಬರಹೇಳು, ಮಂಚ ಕಿಟಕಿಯ ಪಕ್ಕವೇ ಇರಲಿ ಎಂದು ಹೇಳಿ ತಿರುಗಿದರು.

"ನಾಳೆ ಬರೋದು ಬಡಗಿ," ಎಂದರು ಹೆಂಡತಿ.

"ಬಡಗಿ ಯಾಕೆ?"

"ಆ ಕೋಣೆ ಬಾಗಿಲು ಒಳಗಡೆಗೆ ತೆರೆಯೋದ್ರಿಂದ ಮಂಚ ಹಿಡಿಸೋಲ್ಲ. ಹೊರಗಡೆಗೆ ತೆರೆಯೋ ಹಾಗೆ ಮಾಡಿಸಿದ್ರೆ ಮಂಚವೂ ಹಿಡಿಸುತ್ತೆ, ಮೇಜೂ ಹಿಡಿಸುತ್ತೆ, ನಡುವೆ ಒಂದು ಮೊಳ ಜಾಗ ಉಳಿಯುತ್ತೆ. ಟೇಪು ಹಿಡಿದು ನೋಡಿದೀನಿ."

"ಯಾವಾಗ ನೋಡಿದೆ?"

"ಹೋದ ಶನಿವಾರ."

ಹೋದ ಶನಿವಾರವೆಂದರೆ ಗಡುವು ಹಾಕಿದ ಭಾನುವಾರಕ್ಕೆ ಒಂದು ದಿನ ಮುಂಚೆ. ಮೇಷ್ಟ್ರು ಅದನ್ನು ಎರಡು ಸಲ ಲೆಕ್ಕ ಹಾಕಿದರು. ಎರಡು ಸಲವೂ ಹಾಗೇ ಬಂತು.

"ಹಾಗಾದ್ರೆ ಗುಜರಿ, ಗಡುವು, ಅದೆಲ್ಲ?"

"ಗಡುವು ಹಾಕದಿದ್ರೆ ನೀವು ಆ ಹೊದಿಕೆ ತೆಗೀತಿದ್ರಾ?" ಹೆಂಡತಿ ಬೇಕಿಲ್ಲದ ಒಂದು ಪಾತ್ರೆಯನ್ನು ಎತ್ತಿ ತೊಳೆಯತೊಡಗಿದರು. "ಹನ್ನೆರಡು ವರ್ಷ. ಬೆಳಗಿಂದ ಸಂಜೆವರೆಗೆ ಆ ಕುರ್ಚಿ, ಆ ಪೇಪರು. ಯಾರದೋ ಊರಿನ ಸೇತುವೆ ಟೆಂಡರ್ ಓದ್ಕೊಂಡು. ನೋಡ್ತಾ ಇದ್ರೆ ನನಗೆ ಭಯ ಆಗೋದು. ಈ ವಾರ ನೀವು ಮೂರು ಸಲ ಊಟಕ್ಕೆ ಕರೆದ್ರೂ ಬರಲಿಲ್ಲ. ಬಯ್ಯೋಣ ಅಂತ ಬಂದು ನಿಂತೆ. ಆಮೇಲೆ ಬಯ್ಯಲಿಲ್ಲ."

ಅಷ್ಟರಲ್ಲಿ ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು.

ಕಾರ್ಯದರ್ಶಿ ನಿಂತಿದ್ದರು, ಹಿಂದೆ ಟೈಲರಮ್ಮ, ಅವರ ಹಿಂದೆ ಈಗ ಎರಡೂ ಕೆನ್ನೆ ನುಣ್ಣಗಾಗಿದ್ದ ರೈಲ್ವೆ ಗಾರ್ಡು. ವಿಷಯ ಗಂಭೀರವಾಗಿತ್ತು. ಯಂತ್ರ ಯಾರನ್ನೂ ನೋಡುತ್ತಿಲ್ಲವೆಂದು ತಿಳಿದ ಒಂದೇ ಗಂಟೆಯಲ್ಲಿ ತೊಟ್ಟಿ ಎರಡು ಸಲ ಬರಿದಾಗಿತ್ತು. ಎಲ್ಲರ ಮನೆಯಲ್ಲೂ ನಾಲ್ಕು ದಿನದ ಬಟ್ಟೆ ಒಟ್ಟಿಗೆ ನೆನೆದಿತ್ತು. ಕಾರ್ಯದರ್ಶಿಯ ಹೆಂಡತಿ ಸ್ನಾನಕ್ಕೆ ಹೋಗಿ ಮುಕ್ಕಾಲು ಗಂಟೆ ಆಗಿತ್ತು. ಹೀಗಾದರೆ ಬೇಸಿಗೆ ಕಳೆಯುವುದು ಹೇಗೆ? ತಂತಿಗಳನ್ನು ಮೊದಲು ಇದ್ದ ಹಾಗೆಯೇ ಮಾಡಿಕೊಡಬೇಕೆಂದು ಕಟ್ಟಡದ ಪರವಾಗಿ ಅವರು ವಿನಂತಿಸಿದರು. ಒಂದು ಸಣ್ಣ ಬೆಸುಗೆ ತಾನೇ, ಹತ್ತು ನಿಮಿಷದ ಕೆಲಸವಲ್ಲವೇ ಎಂದರು.

ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡರು.

"ಹಾಗಲ್ಲ ಕಾರ್ಯದರ್ಶಿಗಳೇ. ಸರಿಯಾದದ್ದನ್ನ ಯಾರು ಬೇಕಾದ್ರೂ ಹತ್ತು ನಿಮಿಷದಲ್ಲಿ ಮಾಡ್ತಾರೆ. ಒಂದು ಸಲ ತಾನಾಗಿ ಆದ ತಪ್ಪನ್ನ, ಮೋಟಾರೂ ಓಡಬೇಕು ಗಂಟೆಯೂ ಹೊಡೀಬೇಕು ಅನ್ನೋ ಹಾಗೆ, ಎರಡನೇ ಸಲ ಅಷ್ಟೇ ಕರಾರುವಾಕ್ಕಾಗಿ ಮಾಡೋದಿದೆಯಲ್ಲ, ಅದು ಬೇರೆ ವಿದ್ಯೆ. ಪ್ರೋಗ್ರಾಮ್ ಹೊಸದಾಗಿ ಬರೀಬೇಕು, ಕಾರ್ಡು ಇನ್ನೊಂದು ಬೇಕಾಗಬಹುದು. ಏನಿಲ್ಲ ಅಂದ್ರೂ ಮೂರು ತಿಂಗಳು."

ಅಡುಗೆಮನೆಯಿಂದ, ನೀರಿನ ಸದ್ದಿನ ನಡುವೆ, ಹೆಂಡತಿಯ ದನಿ ಬಂತು.

"ನಾಲ್ಕು ಅನ್ನಿ."